ಭಾರಿ ಪಿಸ್ತೂಲಿಗೆ ಎಷ್ಟು ದಪ್ಪದ ಗುಂಡು?

ಕೈಯಲ್ಲಿ ಹಿಡಿದು ಕೆಲಸಮಾಡುವ ಪ್ರತಿಯೊಂದು ಸಾಧನಕ್ಕೂ ಎರಡು ತುದಿಗಳುಂಟು. ಒಂದು ತುದಿ ಕೆಲಸವನ್ನು ಮುಟ್ಟುತ್ತದೆ. ಇನ್ನೊಂದು ಕೈಯನ್ನು ಮುಟ್ಟುತ್ತದೆ. ಕಲ್ಲುಕುಟಿಗನು ಸುತ್ತಿಗೆಯನ್ನು ಆರಿಸುವಾಗ ಕಲ್ಲಿನ ಗಡಸನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೊತ್ತು ಮುಳುಗುವವರೆಗೆ ಅದನ್ನು ಎತ್ತಿ ಇಳಿಸಬೇಕಾದ ತನ್ನ ತೋಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ. ತೋಳಿಗೆ ಮೀರಿದ ಸುತ್ತಿಗೆಯ ಏಟು ಬಲವಾಗಿ ಬೀಳಬಹುದು. ಆದರೆ ಬೀಳಬೇಕಾದ ಕಡೆ ಬೀಳುವುದಿಲ್ಲ.

ಈ ಸಾಮಾನ್ಯ ಸತ್ಯವನ್ನು ಅಂಕಿಗಳಲ್ಲಿ ಸ್ಪಷ್ಟವಾಗಿ ತೋರಿಸಬಲ್ಲ ಯಂತ್ರವೊಂದುಂಟು. ಅದು ಮ್ಯಾಗ್ನಮ್ ತೋಟಾಗಳನ್ನು ಹಾರಿಸುವ ದೊಡ್ಡ ಅರೆಸ್ವಯಂಚಾಲಿತ ಪಿಸ್ತೂಲು. ಅರೆಸ್ವಯಂಚಾಲಿತ ಎಂದರೆ, ಪ್ರತಿ ಗುಂಡಿಗೂ ಕುದುರೆಯನ್ನು ಒಮ್ಮೆ ಎಳೆಯಬೇಕು. ಆದರೆ ಬರಿದಾದ ಕೋಶವನ್ನು ಹೊರಕ್ಕೆಸೆದು ಹೊಸ ತೋಟಾವನ್ನು ತುಂಬಿಕೊಳ್ಳುವ ಕೆಲಸವನ್ನು ಪಿಸ್ತೂಲು ತಾನೇ ಮಾಡಿಕೊಳ್ಳುತ್ತದೆ. ಈ ವರ್ಗದಲ್ಲಿ ಜಗತ್ತಿಗೆ ಹೆಚ್ಚು ಪರಿಚಿತವಾದುದು ಡೆಸರ್ಟ್ ಈಗಲ್. ಅಮೆರಿಕದ ಮಿನೆಸೋಟ ರಾಜ್ಯದ ಮ್ಯಾಗ್ನಮ್ ರಿಸರ್ಚ್ ಸಂಸ್ಥೆ ಇದನ್ನು ಕಲ್ಪಿಸಿತು. ೧೯೮೩ರಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು. ಇಸ್ರೇಲಿನ ಸರಕಾರಿ ಶಸ್ತ್ರಾಸ್ತ್ರ ಕಾರ್ಖಾನೆ ಅದನ್ನು ತಿದ್ದಿ ತಯಾರಿಸಿತು. ಮುಖ್ಯವಾಗಿ ಮೂರು ಅಳತೆಗಳಲ್ಲಿ ಇದು ಬಂದಿದೆ: ೦.೩೫೭, ೦.೪೪ ಮತ್ತು ೦.೫೦. ಇದನ್ನು ಕೊಳ್ಳಬಯಸುವ ಅಮೆರಿಕದ ಗುರಿಗಾರನು ಮೊದಲು ಉತ್ತರಿಸಬೇಕಾದ ಪ್ರಶ್ನೆ ಒಂದೇ. ಈ ಮೂರರಲ್ಲಿ ಯಾವುದು?

ನಮ್ಮ ದೇಶದಲ್ಲಿ ಬಂದೂಕು ಪಿಸ್ತೂಲುಗಳ ಒಡೆತನವು ೧೯೫೯ರ ಆಯುಧ ಕಾಯಿದೆಯ ಕಟ್ಟಿಗೆ ಒಳಪಟ್ಟಿದೆ. ಆದುದರಿಂದ ನಮ್ಮ ವಾಚಕರ ಮುಂದೆ ಈ ಪ್ರಶ್ನೆ ಕೊಳ್ಳುವವನ ಪ್ರಶ್ನೆಯಾಗಿ ಬರುವುದು ವಿರಳ. ಆದರೂ ಚಲನಶಾಸ್ತ್ರವನ್ನು ಕಲಿಯುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಕ್ಕುವುದು ಕಷ್ಟ. ದೊಡ್ಡ ಅಂಕಿಯೇ ಮೇಲು ಎಂಬ ನಂಬಿಕೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದನ್ನು ಇದು ನಮಗೆ ತಿಳಿಸಿಕೊಡುತ್ತದೆ.

ಅಂಕಿಯ ಅರ್ಥ

ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ‘ಹನ್ನೆರಡು ಬೋರಿನ ಕೋವಿ’ ಎಂಬ ಮಾತನ್ನು ನಮ್ಮಲ್ಲಿ ಹಲವರು ಕೇಳಿರುತ್ತೇವೆ. ಆ ಹನ್ನೆರಡು ಅಂಗುಲವೂ ಅಲ್ಲ, ಮಿಲಿಮೀಟರೂ ಅಲ್ಲ. ನಳಿಗೆಯ ತೂತಿಗೆ ಸರಿಯಾಗಿ ಕೂರುವ ಸೀಸದ ಉಂಡೆಗಳನ್ನು ಮಾಡಿದರೆ, ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಉಂಡೆಗಳಾಗುತ್ತವೆ ಎಂದು ಅದರ ಅರ್ಥ. ಆದುದರಿಂದ ಅಲ್ಲಿ ಅಂಕಿ ಹೆಚ್ಚಿದಷ್ಟೂ ತೂತು ಕಿರಿದಾಗುತ್ತದೆ.

ಪಿಸ್ತೂಲಿನ ಕ್ಯಾಲಿಬರ್ ಇದಕ್ಕಿಂತ ನೇರವಾದುದು. ಅದು ಗುಂಡಿನ ಅಥವಾ ನಳಿಗೆಯ ವ್ಯಾಸವನ್ನು ಅಂಗುಲದ ಭಾಗವಾಗಿ ಹೇಳುತ್ತದೆ. ೦.೩೫೭ರ ಗುಂಡಿನ ವ್ಯಾಸ ೯.೦೭ ಮಿಲಿಮೀಟರ್, ೦.೫೦ರದು ೧೨.೭ ಮಿಲಿಮೀಟರ್. ಆದರೆ ಇಲ್ಲಿಯೂ ಹೆಸರನ್ನು ಪೂರ್ತಿ ನಂಬುವಂತಿಲ್ಲ. ೦.೪೪ರ ಗುಂಡನ್ನು ಅಳೆದು ನೋಡಿದರೆ ಅದು ೦.೪೨೯ ಅಂಗುಲ, ಅಂದರೆ ಸುಮಾರು ೧೦.೯ ಮಿಲಿಮೀಟರ್ ಮಾತ್ರ ಇರುತ್ತದೆ. ಹಳೆಯ ಕಾಲದಲ್ಲಿ ಗುಂಡಿನ ಹೊರ ಅಳತೆಯೂ ಹಿತ್ತಾಳೆಯ ಕೋಶದ ಹೊರ ಅಳತೆಯೂ ಒಂದೇ ಆಗಿದ್ದವು. ಮುಂದೆ ಗುಂಡನ್ನು ಕೋಶದ ಒಳಕ್ಕೆ ಕೂರಿಸತೊಡಗಿದಾಗ ಅದರ ವ್ಯಾಸ ತಗ್ಗಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು.

‘ಮ್ಯಾಗ್ನಮ್’ ಎಂಬುದು ಲ್ಯಾಟಿನ್ ಮಾತು. ದೊಡ್ಡದು ಎಂದು ಅದರ ಅರ್ಥ. ಸಾಧಾರಣ ಸೀಸೆಗಿಂತ ದೊಡ್ಡದಾದ ದ್ರಾಕ್ಷಾರಸದ ಸೀಸೆಗೆ ಯೂರೋಪಿನಲ್ಲಿ ಈ ಹೆಸರಿತ್ತು. ಅದೇ ವ್ಯಾಸದ ಸಾಮಾನ್ಯ ತೋಟಾಕ್ಕಿಂತ ಹೆಚ್ಚು ಬಲವುಳ್ಳ ತೋಟಾಕ್ಕೂ ಅದೇ ಹೆಸರು ಬಂದಿತು. ೧೯೩೫ರಲ್ಲಿ ಹೊರಬಂದ ೦.೩೫೭ ಮ್ಯಾಗ್ನಮ್, ಅದಕ್ಕೂ ಹಿಂದಿನಿಂದ ಬಳಕೆಯಲ್ಲಿದ್ದ ೦.೩೮ ಸ್ಪೆಷಲ್ ತೋಟಾದ ಕೋಶವನ್ನು ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು ಉದ್ದಮಾಡಿದುದರ ಫಲ. ಈ ಉದ್ದವು ಹೆಚ್ಚು ಮದ್ದಿಗಾಗಿ ಮಾತ್ರ ಬಂದುದಲ್ಲ. ಹೊಸ ತೋಟಾ ಹಳೆಯ ರಿವಾಲ್ವರುಗಳ ಒಳಕ್ಕೆ ಹೋಗಲೇಬಾರದು, ಹೋದರೆ ಅವು ಸಿಡಿಯಬಹುದು ಎಂಬ ಎಚ್ಚರವೂ ಅದರ ಹಿಂದಿತ್ತು. ೦.೪೪ ಮ್ಯಾಗ್ನಮ್ ೧೯೫೫-೫೬ರಲ್ಲಿ ಬಂದಿತು. ಐಡಹೋ ರಾಜ್ಯದ ಪಶುಪಾಲಕನೂ ಲೇಖಕನೂ ಆಗಿದ್ದ ಎಲ್ಮರ್ ಕೀತ್ ಹಲವು ವರ್ಷ ನಡೆಸಿದ ಪ್ರಯೋಗಗಳು ಅದಕ್ಕೆ ಪ್ರೇರಣೆ. ೦.೫೦ರ ತೋಟಾವನ್ನು ಆ್ಯಕ್ಷನ್ ಆರ್ಮ್ಸ್ ಸಂಸ್ಥೆಯ ಇವಾನ್ ವಿಲ್ಡಿನ್ ೧೯೮೮ರಲ್ಲಿ ರೂಪಿಸಿದನು. ೧೯೯೧ರಲ್ಲಿ ಡೆಸರ್ಟ್ ಈಗಲ್ ಆ ಅಳತೆಯಲ್ಲಿ ಬಂದಿತು.

ಈ ಮೂರನೆಯ ತೋಟಾದ ದಪ್ಪವನ್ನು ಗೊತ್ತುಮಾಡಿದುದು ಭೌತಶಾಸ್ತ್ರವಲ್ಲ, ಕಾನೂನು. ೧೯೬೮ರ ಅಮೆರಿಕದ ಕಾಯಿದೆಯಂತೆ ನಳಿಗೆಯ ತೂತು ಅರ್ಧ ಅಂಗುಲವನ್ನು ಮೀರಿದರೆ, ಬೇಟೆಗೆ ಬಳಸುವ ಚರೆಕೋವಿಗಳನ್ನು ಬಿಟ್ಟು, ಅಂಥ ಆಯುಧ ವಿನಾಶಕ ಸಾಧನಗಳ ಪಟ್ಟಿಗೆ ಸೇರುತ್ತದೆ. ಮೊದಲು ೦.೫೧೦ ಅಂಗುಲವೆಂದು ಯೋಚಿಸಿದ್ದ ಗುಂಡನ್ನು ಈ ಗಡಿಯೊಳಗೆ ತರಲೆಂದು ೦.೫೦೦ಕ್ಕೆ ಇಳಿಸಬೇಕಾಯಿತು.

ಪಿಸ್ತೂಲಿನ ಒಳಗೆ

ಮ್ಯಾಗ್ನಮ್ ತೋಟಾಗಳು ಹುಟ್ಟಿದುದು ರಿವಾಲ್ವರಿಗಾಗಿ. ರಿವಾಲ್ವರಿನಲ್ಲಿ ಪ್ರತಿ ತೋಟಾಕ್ಕೂ ತಿರುಗುವ ಗುಂಡಾಲಿಯಲ್ಲಿ ಒಂದೊಂದು ಗೂಡಿರುತ್ತದೆ. ತೋಟಾ ಗೂಡಿನೊಳಕ್ಕೆ ಜಾರದಂತೆ ಅದರ ಬುಡದಲ್ಲಿ ಲೋಟದ ಕಂಠದಂತೆ ಹೊರಚಾಚಿದ ಅಂಚು ಇರುತ್ತದೆ. ಅರೆಸ್ವಯಂಚಾಲಿತ ಪಿಸ್ತೂಲಿನಲ್ಲಿ ತೋಟಾಗಳು ಹಿಡಿಯೊಳಗಿನ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಕೂರಬೇಕು. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಮೇಲಿನದು ಮುಂದಕ್ಕೆ ಸರಿಯುವುದೇ ಇಲ್ಲ. ಪೆಟ್ಟಿಗೆಯ ಆಕಾರವನ್ನು ಬಹು ಎಚ್ಚರಿಕೆಯಿಂದ ರೂಪಿಸಿ ಈ ತೊಂದರೆಯನ್ನು ನಿವಾರಿಸಬೇಕಾಯಿತು.

ಎರಡನೆಯ ತೊಂದರೆ ಇದಕ್ಕಿಂತ ದೊಡ್ಡದು. ಮದ್ದು ಉರಿದಾಗ ಹುಟ್ಟುವ ಅನಿಲವು ಗುಂಡನ್ನು ಮುಂದಕ್ಕೆ ದೂಡುವಾಗ ಕೋಶದ ಬುಡವನ್ನೂ ಹಿಂದಕ್ಕೆ ದೂಡುತ್ತದೆ. ಗುಂಡು ನಳಿಗೆಯನ್ನು ಬಿಡುವವರೆಗೆ ಹಿಂಬಾಗಿಲು ತೆರೆಯಕೂಡದು. ಚಿಕ್ಕ ಪಿಸ್ತೂಲುಗಳಲ್ಲಿ ಹಿಂಬಾಗಿಲನ್ನು ಸ್ಲೈಡ್ ಎಂಬ ಜಾರುವ ಭಾಗದ ತೂಕವೂ ಸುರುಳಿಯೂ ಸೇರಿ ಮುಚ್ಚಿ ಹಿಡಿದಿರುತ್ತವೆ. ಮ್ಯಾಗ್ನಮ್ ತೋಟಾವನ್ನು ಹೀಗೆ ತೂಕದಿಂದಲೇ ತಡೆಯಹೊರಟರೆ ಆ ಭಾಗವೊಂದೇ ಹಲವು ಕಿಲೋಗ್ರಾಮ್ ತೂಗಬೇಕಾದೀತು.

ಡೆಸರ್ಟ್ ಈಗಲ್ ಇದಕ್ಕೆ ರೈಫಲ್ಲಿನ ಉಪಾಯವನ್ನು ಬಳಸಿಕೊಂಡಿದೆ. ಅದರ ನಳಿಗೆ ಅಲುಗಾಡದಂತೆ ಸ್ಥಿರವಾಗಿದೆ. ಬಾಗಿಲಿಗೆ ಅಗುಳಿ ಹಾಕಿದಂತೆ, ಬೋಲ್ಟೊಂದು ತಿರುಗಿ ಹಲ್ಲುಗಳಿಂದ ಹಿಂಬಾಗಿಲನ್ನು ಬಿಗಿಯುತ್ತದೆ. ತೋಟಾದ ಗೂಡಿನ ಸ್ವಲ್ಪ ಮುಂದೆ ನಳಿಗೆಯಲ್ಲಿ ಒಂದು ಸಣ್ಣ ರಂಧ್ರವುಂಟು. ಗುಂಡು ಅದನ್ನು ದಾಟಿದೊಡನೆ ಅನಿಲದ ಅತ್ಯಲ್ಪ ಭಾಗ ಆ ರಂಧ್ರದಿಂದ ಇಳಿದು, ನಳಿಗೆಯ ಕೆಳಗಿನ ಕಾಲುವೆಯಲ್ಲಿ ಮೂತಿಯ ಕಡೆಗೆ ಹರಿದು, ಅಲ್ಲಿನ ಕೊಂತವನ್ನು ಹಿಂದಕ್ಕೆ ತಳ್ಳುತ್ತದೆ. ಕೊಂತವು ಸ್ಲೈಡನ್ನು ಹಿಂದಕ್ಕೆ ನೂಕುತ್ತದೆ. ಸ್ಲೈಡ್ ಬೋಲ್ಟನ್ನು ತಿರುಗಿಸಿ ಅಗುಳಿಯನ್ನು ತೆಗೆಯುತ್ತದೆ. ಇಷ್ಟಾಗುವ ಹೊತ್ತಿಗೆ ಗುಂಡು ಹೊರಬಿದ್ದು ಒಳಗಿನ ಒತ್ತಡ ಇಳಿದಿರುತ್ತದೆ.

ಈ ರಚನೆಯಿಂದ ಎರಡು ನಿಯಮಗಳು ಹುಟ್ಟುತ್ತವೆ. ಕ್ಯಾಲಿಬರ್ ಆರಿಸುವವನು ಅವನ್ನು ಮರೆಯಕೂಡದು. ಯಂತ್ರವನ್ನು ನಡೆಸುವುದು ಅನಿಲವಾದುದರಿಂದ, ಮದ್ದು ಕಡಿಮೆ ತುಂಬಿದ ಮೆತ್ತನೆಯ ತೋಟಾಗಳಿಂದ ಅದು ನಡೆಯುವುದಿಲ್ಲ, ಅರ್ಧದಾರಿಯಲ್ಲಿ ನಿಂತುಬಿಡುತ್ತದೆ. ಹಾಗೆಯೇ ತಾಮ್ರದ ಹೊದಿಕೆಯಿಲ್ಲದ ಬರಿಯ ಸೀಸದ ಗುಂಡನ್ನು ಬಳಸಿದರೆ, ತುರಿದುಹೋದ ಸೀಸ ಆ ಸಣ್ಣ ರಂಧ್ರವನ್ನು ಮುಚ್ಚುತ್ತದೆ. ರಿವಾಲ್ವರಿಗೆ ಇವೆರಡೂ ತೊಡಕುಗಳಿಲ್ಲ. ಅದು ಕೊಟ್ಟುದನ್ನು ಉಣ್ಣುತ್ತದೆ.

ಮೂತಿಯ ಕಡೆಯ ಲೆಕ್ಕ

ಇನ್ನು ಅಂಕಿಗಳಿಗೆ ಬರೋಣ. ಈ ಮೂರು ತೋಟಾಗಳ ಒಳಗಿನ ಗರಿಷ್ಠ ಒತ್ತಡ ಹೆಚ್ಚುಕಡಿಮೆ ಒಂದೇ. ಅಮೆರಿಕದ ತಯಾರಕರ ನಿಯಮದಂತೆ ಅದು ಚದರ ಅಂಗುಲಕ್ಕೆ ೩೫,೦೦೦ದಿಂದ ೩೬,೦೦೦ ಪೌಂಡ್; ಚದರ ಮಿಲಿಮೀಟರಿಗೆ ಸುಮಾರು ೨೪೦ ನ್ಯೂಟನ್. ಇದು ವಾಯುಮಂಡಲದ ಒತ್ತಡದ ೨,೪೦೦ ಮಡಿಗೆ ಸಮೀಪ. ಒತ್ತಡ ಒಂದೇ ಆಗಿದ್ದರೆ ಬಲದಲ್ಲಿ ವ್ಯತ್ಯಾಸ ಎಲ್ಲಿಂದ ಬರಬೇಕು? ಗುಂಡಿನ ಬುಡದ ವಿಸ್ತೀರ್ಣದಿಂದ. ಬಲವೆಂದರೆ ಒತ್ತಡವನ್ನು ವಿಸ್ತೀರ್ಣದಿಂದ ಗುಣಿಸಿದ ಲಬ್ಧ. ವಿಸ್ತೀರ್ಣವು ವ್ಯಾಸದ ವರ್ಗವನ್ನು ಅನುಸರಿಸುತ್ತದೆ.

ಮೂರು ಗುಂಡುಗಳ ಬುಡದ ವಿಸ್ತೀರ್ಣ ಕ್ರಮವಾಗಿ ೬೫, ೯೩ ಮತ್ತು ೧೨೭ ಚದರ ಮಿಲಿಮೀಟರ್. ಮೊದಲನೆಯದರಿಂದ ಮೂರನೆಯದಕ್ಕೆ ವ್ಯಾಸ ಹೆಚ್ಚಿದುದು ನೂರಕ್ಕೆ ನಲವತ್ತರಷ್ಟು, ವಿಸ್ತೀರ್ಣವಾದರೋ ಇಮ್ಮಡಿಯಾಗಿದೆ. ಆದುದರಿಂದ ಬಲವೂ ಇಮ್ಮಡಿಯಾಗುತ್ತದೆ. ೦.೩೫೭ರ ಗುಂಡನ್ನು ಒತ್ತುವ ಗರಿಷ್ಠ ಬಲ ಸುಮಾರು ೧೫,೬೦೦ ನ್ಯೂಟನ್, ೦.೫೦ರದು ೩೦,೦೦೦ ನ್ಯೂಟನ್ನಿಗೂ ಮಿಗಿಲು. ಮೂರು ಟನ್ ಭಾರ ಕಿರುಬೆರಳ ದಪ್ಪದ ಲೋಹದ ಮೇಲೆ ಒಂದು ಕ್ಷಣ ಕೂತಂತೆ! ಅದೂ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಕಾಲ.

ಈಗ ಚಲನಶಕ್ತಿಯನ್ನು ನೋಡೋಣ. ತಯಾರಕರು ತೋಟಾಗಳನ್ನು ಬೇರೆ ಬೇರೆ ತೂಕ ವೇಗಗಳಲ್ಲಿ ತುಂಬುತ್ತಾರೆ. ಆರು ಅಂಗುಲದ ನಳಿಗೆಗೆ ಸಾಮಾನ್ಯವೆನ್ನಬಹುದಾದ ಬೆಲೆಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ದುಂಡುಮಾಡಿ ತೆಗೆದುಕೊಳ್ಳೋಣ.

೦.೩೫೭: ಗುಂಡು ೧೦.೨ ಗ್ರಾಮ್, ವೇಗ ಸೆಕೆಂಡಿಗೆ ೩೮೦ ಮೀಟರ್, ಚಲನಶಕ್ತಿ ೭೩೬ ಜೂಲ್.
೦.೪೪: ಗುಂಡು ೧೫.೬ ಗ್ರಾಮ್, ವೇಗ ಸೆಕೆಂಡಿಗೆ ೪೧೦ ಮೀಟರ್, ಚಲನಶಕ್ತಿ ೧,೩೧೧ ಜೂಲ್.
೦.೫೦: ಗುಂಡು ೧೯.೪ ಗ್ರಾಮ್, ವೇಗ ಸೆಕೆಂಡಿಗೆ ೪೫೦ ಮೀಟರ್, ಚಲನಶಕ್ತಿ ೧,೯೬೪ ಜೂಲ್.

ಚಲನಶಕ್ತಿಯೆಂದರೆ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದುದು ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ೦.೩೫೭ರಿಂದ ೦.೫೦ಕ್ಕೆ ಹೋದಾಗ ಅದು ಸುಮಾರು ೨.೭ ಮಡಿಯಾಗುತ್ತದೆ. ಜಾಹೀರಾತುಗಳಲ್ಲಿ ಅಚ್ಚಾಗುವುದು ಈ ಅಂಕಿಯೇ. ಮೂತಿಯ ಕಡೆಯಿಂದ ಮಾತ್ರ ನೋಡುವವನು ಇಲ್ಲಿಗೇ ಲೆಕ್ಕವನ್ನು ಮುಗಿಸಿ ದೊಡ್ಡದನ್ನೇ ಕೊಂಡುಬಿಡುತ್ತಾನೆ.

ಕೈಯ ಕಡೆಯ ಲೆಕ್ಕ

ನಾವು ಅಲ್ಲಿಗೇ ಮುಗಿಸದೆ ಪಿಸ್ತೂಲನ್ನು ತಿರುಗಿಸಿ ಹಿಡಿಯ ಕಡೆಯಿಂದ ನೋಡೋಣ. ಪ್ರತಿ ಕ್ರಿಯೆಗೂ ಸಮನಾದ ವಿರುದ್ಧ ಪ್ರತಿಕ್ರಿಯೆ ಇದೆಯೆಂಬ ನ್ಯೂಟನ್ನನ ಮೂರನೆಯ ನಿಯಮದಂತೆ, ಗುಂಡು ಮುಂದಕ್ಕೆ ಪಡೆದಷ್ಟೇ ಸಂವೇಗವನ್ನು ಪಿಸ್ತೂಲು ಹಿಂದಕ್ಕೆ ಪಡೆಯುತ್ತದೆ. ಸಂವೇಗವೆಂದರೆ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದುದು. ಮೂರು ಗುಂಡುಗಳ ಸಂವೇಗ ಕ್ರಮವಾಗಿ ೩.೯, ೬.೪ ಮತ್ತು ೮.೭ ಕಿಲೋಗ್ರಾಮ್-ಮೀಟರ್ ಪ್ರತಿ ಸೆಕೆಂಡ್. ನಳಿಗೆಯಿಂದ ಗುಂಡಿನ ಬೆನ್ನಲ್ಲೇ ನುಗ್ಗುವ ಅನಿಲವೂ ಇದಕ್ಕೆ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚನ್ನು ಸೇರಿಸುತ್ತದೆ. ಮೂರಕ್ಕೂ ಅದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರುವುದರಿಂದ ಹೋಲಿಕೆಯ ಈ ಲೆಕ್ಕದಲ್ಲಿ ಅದನ್ನು ಬಿಟ್ಟುಬಿಡೋಣ.

ಡೆಸರ್ಟ್ ಈಗಲ್ ಸುಮಾರು ಎರಡು ಕಿಲೋಗ್ರಾಮ್ ತೂಗುತ್ತದೆ. ಆದುದರಿಂದ ಅದು ಹಿಂದಕ್ಕೆ ಪಡೆಯುವ ವೇಗ ಸೆಕೆಂಡಿಗೆ ಕ್ರಮವಾಗಿ ೧.೯, ೩.೨ ಮತ್ತು ೪.೪ ಮೀಟರ್. ಕೈ ತಡೆದು ನಿಲ್ಲಿಸಬೇಕಾದ ಚಲನಶಕ್ತಿ ಎಷ್ಟು? ಲೆಕ್ಕಹಾಕಿದರೆ ೩.೮ ಜೂಲ್, ೧೦.೨ ಜೂಲ್, ೧೯ ಜೂಲ್ ಎಂದು ಬರುತ್ತದೆ.

ಇಲ್ಲಿ ಸ್ವಲ್ಪ ನಿಂತು ಗಮನಿಸಬೇಕು. ೦.೩೫೭ನ್ನು ಬಿಟ್ಟು ೦.೫೦ನ್ನು ಹಿಡಿದವನ ಗುಂಡಿನ ಶಕ್ತಿ ೨.೭ ಮಡಿಯಾಯಿತು; ಅವನ ಕೈ ತಾಳಬೇಕಾದ ಒದೆತದ ಶಕ್ತಿ ಐದು ಮಡಿಯಾಯಿತು. ಒಂದರ ಲಾಭಕ್ಕೆ ಎರಡರ ಬೆಲೆ! ಕಾರಣ ಸರಳವಾಗಿದೆ. ಪಿಸ್ತೂಲಿನ ತೂಕ ಬದಲಾಗದೆ ಇದ್ದರೆ ಒದೆತದ ಶಕ್ತಿಯು ಸಂವೇಗದ ವರ್ಗವನ್ನು ಅನುಸರಿಸಿ ಏರುತ್ತದೆ. ಗುಂಡನ್ನು ತೂಕವಾಗಿಯೂ ಮಾಡಿ ವೇಗವಾಗಿಯೂ ಮಾಡಿದರೆ ಅವೆರಡರ ಹೆಚ್ಚಳವೂ ಸೇರಿ, ವರ್ಗವಾಗಿ, ಅಂಗೈಯ ಮೇಲೆ ಬಂದು ಬೀಳುತ್ತದೆ.

ಹಾಗೆಂದು ಪಿಸ್ತೂಲಿನ ಭಾರವನ್ನು ದೋಷವೆಂದು ಬಗೆಯಬಾರದು. ಅದೇ ಕೈಯನ್ನು ಕಾಯುವುದು. ಅದೇ ೦.೪೪ರ ಗುಂಡನ್ನು ೧.೩ ಕಿಲೋಗ್ರಾಮಿನ ರಿವಾಲ್ವರಿನಿಂದ ಹಾರಿಸಿದರೆ ಒದೆತದ ಶಕ್ತಿ ೧೦ರ ಬದಲು ಸುಮಾರು ೧೬ ಜೂಲ್ ಆಗುತ್ತದೆ. ಕಾಲವೂ ಇದಕ್ಕೆ ನೆರವಾಗುತ್ತದೆ. ಕ್ರಿಕೆಟ್ ಆಟಗಾರನು ಚೆಂಡನ್ನು ಹಿಡಿಯುವಾಗ ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳುವುದೇಕೆ? ಅದೇ ಸಂವೇಗವನ್ನು ಹೆಚ್ಚು ಕಾಲದಲ್ಲಿ ತಡೆದರೆ ಬಲ ಕಡಿಮೆಯಾಗುತ್ತದೆ ಎಂದು. ಅರೆಸ್ವಯಂಚಾಲಿತ ಪಿಸ್ತೂಲಿನಲ್ಲಿ ಸ್ಲೈಡ್ ಹಿಂದೆ ಮುಂದೆ ಚಲಿಸುವುದರಿಂದ ಆಘಾತದ ಒಂದು ಪಾಲು ಕಾಲದಲ್ಲಿ ಹರಡಿಕೊಂಡು ಬರುತ್ತದೆ.

ಒದೆತ ನೇರವಾಗಿ ಹಿಂದಕ್ಕಷ್ಟೇ ಬರುವುದಿಲ್ಲ. ನಳಿಗೆ ಕೈಗಿಂತ ಮೇಲಿರುವುದರಿಂದ ಹಿಂದಕ್ಕೆ ಬರುವ ಬಲವು ಪಿಸ್ತೂಲನ್ನು ಮಣಿಕಟ್ಟಿನ ಸುತ್ತ ತಿರುಗಿಸಿ ಮೂತಿಯನ್ನು ಮೇಲಕ್ಕೆತ್ತುತ್ತದೆ. ಮತ್ತೆ ಗುರಿಗೆ ಬರಲು ಹೊತ್ತು ಹಿಡಿಯುತ್ತದೆ. ಇದಕ್ಕಿಂತ ಹೆಚ್ಚಿನ ಕೇಡು ಮನಸ್ಸಿನಲ್ಲಿ ನಡೆಯುತ್ತದೆ. ಬಲವಾದ ಒದೆತವನ್ನು ಹಲವು ಸಲ ಉಂಡ ಕೈ ಮುಂದಿನ ಒದೆತವನ್ನು ಮೊದಲೇ ನಿರೀಕ್ಷಿಸುತ್ತದೆ. ಕುದುರೆ ಎಳೆಯುವ ಕ್ಷಣದಲ್ಲಿ ಕಣ್ಣು ಮುಚ್ಚುತ್ತದೆ, ಬೆರಳು ಬೆದರುತ್ತದೆ, ಮೂತಿ ತಾನಾಗಿಯೇ ಕೆಳಕ್ಕೆ ವಾಲುತ್ತದೆ. ಗುಂಡು ಎಷ್ಟೇ ದೊಡ್ಡದಾಗಿರಲಿ, ತಪ್ಪಿಹೋದ ಗುಂಡಿನಿಂದ ಗುರಿಗೆ ಏನೂ ಆಗುವುದಿಲ್ಲ. ಗುರಿಯ ಆಚೆ ಇರುವವರಿಗೆ ಅದು ಅಪಾಯ.

ಕೆಡಹುವ ಶಕ್ತಿಯೆಂಬ ಭ್ರಮೆ

ದೊಡ್ಡ ಪಿಸ್ತೂಲಿನ ಗುಂಡು ತಗುಲಿದವನು ಗಾಳಿಯಲ್ಲಿ ಹಾರಿ ಹಿಂದಕ್ಕೆ ಬೀಳುವುದನ್ನು ಚಲನಚಿತ್ರಗಳಲ್ಲಿ ನೋಡುತ್ತೇವೆ. ಇದು ನಿಜವಿರಬಹುದೆ? ೦.೫೦ರ ಗುಂಡಿನ ಸಂವೇಗ ೮.೭. ಅದು ಎಪ್ಪತ್ತು ಕಿಲೋಗ್ರಾಮಿನ ಜಡವಸ್ತುವಿನಲ್ಲಿ ಪೂರ್ತಿ ನಿಂತರೂ ಆ ವಸ್ತು ಪಡೆಯುವ ವೇಗ ಸೆಕೆಂಡಿಗೆ ಹನ್ನೆರಡು ಹದಿಮೂರು ಸೆಂಟಿಮೀಟರ್ ಮಾತ್ರ. ಇರುವೆಗಿಂತ ವೇಗ, ನಡೆಯುವ ಮಗುವಿಗಿಂತ ನಿಧಾನ. ಗುಂಡು ಎದುರಿಗಿರುವವನನ್ನು ಎತ್ತಿ ಎಸೆಯಬಲ್ಲದಾಗಿದ್ದರೆ, ಅದೇ ನಿಯಮದಂತೆ, ಹಾರಿಸಿದವನನ್ನೂ ಎತ್ತಿ ಎಸೆಯಬೇಕಾಗಿತ್ತಲ್ಲವೆ?

ಇನ್ನೊಂದು ಹೋಲಿಕೆ ಇದನ್ನು ಮತ್ತಷ್ಟು ಸ್ಪಷ್ಟಪಡಿಸುತ್ತದೆ. ೧೬೦ ಗ್ರಾಮಿನ ಕ್ರಿಕೆಟ್ ಚೆಂಡನ್ನು ವೇಗದ ಬೌಲರನೊಬ್ಬ ಗಂಟೆಗೆ ೧೪೪ ಕಿಲೋಮೀಟರ್, ಅಂದರೆ ಸೆಕೆಂಡಿಗೆ ೪೦ ಮೀಟರ್ ವೇಗದಲ್ಲಿ ಎಸೆದನೆನ್ನೋಣ. ಅದರ ಸಂವೇಗ ೬.೪. ೦.೪೪ ಮ್ಯಾಗ್ನಮ್ ಗುಂಡಿನದೂ ಅಷ್ಟೇ! ಆದರೆ ಚೆಂಡಿನ ಚಲನಶಕ್ತಿ ೧೨೮ ಜೂಲ್. ಗುಂಡಿನದು ಅದರ ಹತ್ತು ಮಡಿ. ಎರಡೂ ಎದುರಿನ ವಸ್ತುವನ್ನು ಒಂದೇ ಸಮನೆ ತಳ್ಳುತ್ತವೆ. ಕೊರೆದು ಒಳಹೋಗುವುದರಲ್ಲಿ ಮಾತ್ರ ಅವುಗಳಿಗೆ ಅಜಗಜಾಂತರ. ತಳ್ಳುವುದು ಸಂವೇಗದ ಕೆಲಸ, ಹರಿದು ಕೊರೆಯುವುದು ಶಕ್ತಿಯ ಕೆಲಸ. ಗುಂಡಿನ ಮಾರಕತೆ ಇರುವುದು ಎರಡನೆಯದರಲ್ಲಿ. ಅದಕ್ಕಾಗಿಯೇ ಚಿಕ್ಕ ಗುಂಡೂ ಮಾರಕ. ಯಾವ ಕ್ಯಾಲಿಬರನ್ನೂ ಆಟಿಕೆಯೆಂದು ಬಗೆಯಬಾರದು.

ನಿಜವಾಗಿ ಕೆಡಹುವುದೇ ಗುರಿಯಾಗಿರುವ ಸ್ಪರ್ಧೆಯೂ ಒಂದುಂಟು. ಮೆಕ್ಸಿಕೋದಿಂದ ಅಮೆರಿಕಕ್ಕೆ ಬಂದ ಲೋಹದ ನೆರಳುಬೊಂಬೆಗಳ ಗುರಿಯಾಟವದು. ಪಿಸ್ತೂಲಿನ ಆಟಕ್ಕೆ ೧೯೭೬ರಲ್ಲಿ ಅಂತರರಾಷ್ಟ್ರೀಯ ಸಂಘವೊಂದು ಹುಟ್ಟಿತು. ಕೋಳಿ, ಹಂದಿ, ಟರ್ಕಿಕೋಳಿ, ಟಗರು ಇವುಗಳ ಆಕಾರದ ಉಕ್ಕಿನ ಹಲಗೆಗಳನ್ನು ೫೦, ೧೦೦, ೧೫೦ ಮತ್ತು ೨೦೦ ಮೀಟರ್ ದೂರದಲ್ಲಿ ನಿಲ್ಲಿಸಿರುತ್ತಾರೆ. ಗುಂಡು ತಗುಲಿದರೆ ಸಾಲದು, ಹಲಗೆ ಉರುಳಬೇಕು. ಉಕ್ಕಿಗೆ ಬಡಿದ ಗುಂಡು ಚಪ್ಪಟೆಯಾಗಿ ಚೂರುಚೂರಾಗುತ್ತದೆ. ಅದರ ಶಕ್ತಿಯ ಬಹುಪಾಲು ಆ ಒಡೆಯುವಿಕೆಯಲ್ಲಿಯೂ ಶಾಖದಲ್ಲಿಯೂ ಕಳೆದುಹೋಗುತ್ತದೆ. ಉರುಳಿಸುವುದಕ್ಕೆ ಉಳಿಯುವುದು ಸಂವೇಗ. ಟಗರಿನ ತೂಕ ಸುಮಾರು ೨೫ ಕಿಲೋಗ್ರಾಮ್. ದೂರದಲ್ಲಿ ವೇಗ ಕಳೆದುಕೊಂಡ ೦.೩೫೭ರ ಗುಂಡು ಅದಕ್ಕೆ ತಾಗಿ ಗಂಟೆ ಬಾರಿಸಿದಂತೆ ಸದ್ದುಮಾಡಿದರೂ ಟಗರು ನಿಂತೇ ಇರುವುದುಂಟು. ಇಲ್ಲಿ ೦.೪೪ಕ್ಕೆ ಏರುವುದರಲ್ಲಿ ನಿಜವಾದ ಅರ್ಥವಿದೆ.

ಆಯ್ಕೆ

ಮೇಲಣ ಲೆಕ್ಕಗಳನ್ನು ಒಟ್ಟುಗೂಡಿಸಿದರೆ ಮೂರೂ ಅಳತೆಗಳ ಸ್ಥಾನ ತಾನಾಗಿಯೇ ಗೊತ್ತಾಗುತ್ತದೆ. ೦.೩೫೭ರ ಒದೆತ ಎರಡು ಕಿಲೋಗ್ರಾಮಿನ ಪಿಸ್ತೂಲಿನಲ್ಲಿ ಬಹು ಸೌಮ್ಯ. ಪೆಟ್ಟಿಗೆಯಲ್ಲಿ ಒಂಬತ್ತು ತೋಟಾಗಳು ಹಿಡಿಯುತ್ತವೆ. ಮೂರರಲ್ಲಿ ಅಗ್ಗವಾದುದೂ ಅದೇ. ಆದರೆ ಯಂತ್ರವನ್ನು ನಡೆಸಲು ದೊರೆಯುವ ಅನಿಲವೂ ಅದರಲ್ಲಿಯೇ ಕಡಿಮೆ. ಅಲ್ಲದೆ ಇಷ್ಟು ಶಕ್ತಿಗಾಗಿ ಇಷ್ಟು ಭಾರವನ್ನು ಹೊರಬೇಕೇ ಎಂಬ ಪ್ರಶ್ನೆ ಏಳುತ್ತದೆ. ೦.೫೦ರಲ್ಲಿ ಹಿಡಿಯುವುದ ಏಳು. ತೋಟಾದ ಬೆಲೆ ಹೆಚ್ಚು. ಒದೆತ ಐದು ಮಡಿ. ಅಭ್ಯಾಸವಿಲ್ಲದೆ ಗುರಿ ಕೂಡದು, ಅಭ್ಯಾಸವಾದರೋ ತೋಟಾದ ಬೆಲೆಯಿಂದಲೂ ಕೈಯ ನೋವಿನಿಂದಲೂ ಕುಂಟುತ್ತದೆ. ನಡುವಿನ ೦.೪೪ರಲ್ಲಿ ಎಂಟು ತೋಟಾಗಳು, ಶಕ್ತಿ ೦.೩೫೭ರ ೧.೮ ಮಡಿ, ಒದೆತ ೨.೭ ಮಡಿ. ರಿವಾಲ್ವರುಗಳಿಗೂ ಬಂದೂಕುಗಳಿಗೂ ಅದೇ ತೋಟಾ ಹೋಗುವುದರಿಂದ ಅದು ಸುಲಭವಾಗಿ ಸಿಕ್ಕುತ್ತದೆ.

ಸುಲಭವಾಗಿ ಸಿಕ್ಕುವುದೆಂಬ ಈ ಮಾತು ಸಣ್ಣದಲ್ಲ. ಡೆಸರ್ಟ್ ಈಗಲ್ ಹುಟ್ಟುವ ಮೊದಲೇ, ೧೯೭೧ರಲ್ಲಿ, ಕ್ಯಾಲಿಫೋರ್ನಿಯದಲ್ಲಿ ಆಟೋ ಮ್ಯಾಗ್ ಎಂಬ ಭಾರಿ ಪಿಸ್ತೂಲು ಬಂದಿತ್ತು. ಅದು ತನ್ನದೇ ಆದ ಅಂಚಿಲ್ಲದ ೦.೪೪ರ ತೋಟಾವನ್ನು ಬೇಡುತ್ತಿತ್ತು. ಆ ತೋಟಾ ಅಂಗಡಿಗಳಲ್ಲಿ ಅಪರೂಪ. ಕೊಂಡವರಲ್ಲಿ ಅನೇಕರು ರೈಫಲ್ ತೋಟಾದ ಕೋಶಗಳನ್ನು ಕತ್ತರಿಸಿ ತಾವೇ ತಯಾರಿಸಿಕೊಳ್ಳಬೇಕಾಯಿತು. ಮರುವರ್ಷವೇ ಆ ಸಂಸ್ಥೆ ದಿವಾಳಿಯೆದ್ದಿತು. ಯಂತ್ರ ಎಷ್ಟು ಚೆನ್ನಾಗಿದ್ದರೂ ಅದರ ಮೇವು ಸಿಕ್ಕದಿದ್ದರೆ ಅದು ಕಬ್ಬಿಣದ ತುಂಡು.

೦.೫೦ರ ತೋಟಾವನ್ನು ರೂಪಿಸಿದಾತ ಈ ಪಾಠವನ್ನು ಬಲ್ಲವನಂತೆ ಒಂದು ಜಾಣತನವನ್ನು ಮಾಡಿದನು. ತೋಟಾದ ಒಡಲು ದಪ್ಪವಾದರೂ ಅದರ ಬುಡದ ಅಂಚನ್ನು ಒಳಕ್ಕೆ ಕಡಿದು, ೦.೪೪ರ ಅಂಚಿನ ವ್ಯಾಸಕ್ಕೇ, ಅಂದರೆ ೦.೫೧೪ ಅಂಗುಲಕ್ಕೆ ತಂದನು. ಒಟ್ಟು ಉದ್ದವನ್ನೂ ೦.೪೪ರಷ್ಟೇ ಇಟ್ಟನು. ಆದುದರಿಂದ ಒಂದೇ ಬೋಲ್ಟು ಎರಡನ್ನೂ ಹಿಡಿಯುತ್ತದೆ. ನಳಿಗೆಯನ್ನೂ ಪೆಟ್ಟಿಗೆಯನ್ನೂ ಬದಲಾಯಿಸಿದರೆ ಸಾಕು. ೦.೩೫೭ಕ್ಕೆ ಹೋಗಬೇಕಾದರೆ ಮಾತ್ರ ಬೋಲ್ಟನ್ನೂ ಬದಲಾಯಿಸಬೇಕು. ಹೀಗಾಗಿ ಎರಡು ಮನಸ್ಸಿನ ಗುರಿಗಾರನಿಗೆ ಜಾಣ ದಾರಿಯೊಂದು ತೆರೆದಿದೆ. ೦.೪೪ರಿಂದ ಮೊದಲುಮಾಡುವುದು, ಕೈ ಪಳಗಿದ ಮೇಲೆ, ಬೇಕೆನಿಸಿದರೆ ಮಾತ್ರ, ದೊಡ್ಡದಕ್ಕೆ ಏರುವುದು. ೨೦೧೮ರಲ್ಲಿ ೦.೫೦ರ ಕೋಶದ ಕುತ್ತಿಗೆಯನ್ನು ಕಿರಿದುಮಾಡಿ ೦.೪೨೯ರ ಗುಂಡನ್ನು ಕೂರಿಸಿದ ಹೊಸ ತೋಟಾವೊಂದು ಬಂದಿತು. ಹಗುರವಾದ ಗುಂಡಿಗೆ ಹೆಚ್ಚು ವೇಗ ಕೊಟ್ಟರೆ ಅದೇ ಶಕ್ತಿಯನ್ನು ಕಡಿಮೆ ಸಂವೇಗದಲ್ಲಿ ಪಡೆಯಬಹುದೆಂಬುದೇ ಅದರ ತತ್ತ್ವ.

ನಿಖರತೆಗೂ ಗುಂಡಿನ ದಪ್ಪಕ್ಕೂ ಯಾವ ನಂಟೂ ಇಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಎರಡು ಕಂಚಿನ ಪದಕಗಳನ್ನು ಗಳಿಸಿದುದು ೪.೫ ಮಿಲಿಮೀಟರಿನ ಗಾಳಿಪಿಸ್ತೂಲಿನಿಂದ. ಅದರ ಒದೆತ ಕೈಗೆ ತಿಳಿಯುವುದೇ ಕಷ್ಟ. ಕೆಲಸವು ಕಾಗದದಲ್ಲಿ ತೂತು ಮಾಡುವುದಾದರೆ ಅಷ್ಟೇ ಸಾಕು. ಕೆಲಸವು ಉಕ್ಕಿನ ಟಗರನ್ನು ಕೆಡಹುವುದಾದರೆ ೦.೪೪ ಬೇಕು. ಮೊದಲು ಕೆಲಸ, ಬಳಿಕ ಕೈ, ಕೊನೆಯಲ್ಲಿ ಅಂಕಿ. ಆಯ್ಕೆಯ ಕ್ರಮ ಇದು. ಎಂಜಿನ್ನಿನ ಅಶ್ವಶಕ್ತಿಯನ್ನಾಗಲಿ ಪಂಪಿನ ಗಾತ್ರವನ್ನಾಗಲಿ ಆರಿಸುವವರಿಗೂ ಈ ಕ್ರಮವೇ ದಾರಿ. ಮಾರುವವನು ಒಂದು ತುದಿಯ ಲೆಕ್ಕವನ್ನು ಹೇಳಿದಾಗ ಇನ್ನೊಂದು ತುದಿಯ ಲೆಕ್ಕವನ್ನು ನಾವೇ ಮಾಡಿಕೊಳ್ಳಬೇಕು.

ಅಭ್ಯಾಸಕ್ಕೆ

೧. ನಾಲ್ಕು ಕಿಲೋಗ್ರಾಮಿನ ರೈಫಲ್ಲೊಂದು ೧೦ ಗ್ರಾಮಿನ ಗುಂಡನ್ನು ಸೆಕೆಂಡಿಗೆ ೮೦೦ ಮೀಟರ್ ವೇಗದಲ್ಲಿ ಹಾರಿಸುತ್ತದೆ. ಗುಂಡಿನ ಶಕ್ತಿಯನ್ನೂ ಒದೆತದ ಶಕ್ತಿಯನ್ನೂ ಕಂಡುಹಿಡಿದು ೦.೫೦ರ ಪಿಸ್ತೂಲಿನೊಡನೆ ಹೋಲಿಸಿರಿ. (ಅನಿಲದ ಪಾಲನ್ನು ಬಿಟ್ಟುಬಿಡಿ.)

೨. ಎರಡು ಗುಂಡುಗಳ ಚಲನಶಕ್ತಿಯೂ ೧,೦೦೦ ಜೂಲ್. ಒಂದರ ತೂಕ ೧೦ ಗ್ರಾಮ್, ಇನ್ನೊಂದರದು ೨೦ ಗ್ರಾಮ್. ಒಂದೇ ಪಿಸ್ತೂಲಿನಿಂದ ಹಾರಿದರೆ ಯಾವುದರ ಒದೆತದ ಶಕ್ತಿ ಹೆಚ್ಚು? ಎಷ್ಟು ಮಡಿ?

ಉತ್ತರ: ೧. ೩,೨೦೦ ಜೂಲ್, ೮ ಜೂಲ್. ಗುಂಡಿನ ಶಕ್ತಿ ಪಿಸ್ತೂಲಿನದಕ್ಕಿಂತ ೧.೬ ಮಡಿ, ಒದೆತ ಅದರ ಅರ್ಧಕ್ಕಿಂತ ಕಡಿಮೆ. ೨. ಭಾರವಾದ ಗುಂಡಿನದು, ಎರಡು ಮಡಿ.